ಬೇರಿಂಗ್ ತಪ್ಪಾಗಿ ಬರುತ್ತಿದೆಯೇ? ಪೆಟ್ಟಿಗೆ ಬಿಚ್ಚುವ ಮೊದಲು ತಪ್ಪಿನ ಆಕಾರ ನೋಡಿ

ರೇಡಿಯೋ ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಹೇಳುವ ಯಂತ್ರ ನಿಮ್ಮ ಮುಂದಿದೆ. ಅದು ಉತ್ತರದಿಂದ ಎಣಿಸಿ ಡಿಗ್ರಿಯಲ್ಲಿ ಹೇಳುವ ದಿಕ್ಕೇ ಬೇರಿಂಗ್. ಪರೀಕ್ಷೆಗೆ ಇಟ್ಟ ಟ್ರಾನ್ಸ್‌ಮಿಟರ್ ನಿಂತಿರುವುದು 90 ಡಿಗ್ರಿಯಲ್ಲಿ. ಪರದೆ ತೋರಿಸುತ್ತಿರುವುದು 97. ಇಂಥ ಹೊತ್ತಿನಲ್ಲಿ ಬಹಳ ಜನ ಸೀದಾ ಸ್ಕ್ರೂಡ್ರೈವರ್ ಹಿಡಿದು ರಿಸೀವರ್ ಬಿಚ್ಚಲು ಹೋಗುತ್ತಾರೆ. ಇನ್ನು ಕೆಲವರು "ಸಾಫ್ಟ್‌ವೇರಿನದೇ ಕೆಲಸ" ಎಂದು ತೀರ್ಮಾನಿಸಿ ಪಕ್ಕದ ಟೇಬಲ್ ಕಡೆ ನೋಡುತ್ತಾರೆ. ಎರಡೂ ಬೇಡ. 97 ಎನ್ನುವ ಒಂದೇ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಬೇರೆ ದಿಕ್ಕುಗಳಲ್ಲಿ ಎಷ್ಟು ತಪ್ಪು ಬರುತ್ತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ರಕ್ಷಣೆಗಾಗಿ ಮಾಡುವ ಸಿಗ್ನಲ್ ಹಿಡಿಯುವ, ದಿಕ್ಕು ಹುಡುಕುವ ವ್ಯವಸ್ಥೆ ಒಂದು ಉದ್ದ ಸರಪಳಿ. ಮೇಲೆ ಆಂಟೆನಾ ಗುಂಪು, ಅದರ ಕೆಳಗೆ ಸ್ವಿಚ್ ಪೆಟ್ಟಿಗೆ, ಆಮೇಲೆ ಕೇಬಲ್‌ಗಳು, ಹಲವು ಚಾನೆಲ್‌ಗಳ ರಿಸೀವರ್, ಲೆಕ್ಕ ಹಾಕುವ ಸಾಫ್ಟ್‌ವೇರ್, ಕೊನೆಯಲ್ಲಿ ನಕ್ಷೆ. ಯಾವ ಕೊಂಡಿ ಕೆಟ್ಟರೂ ಪರದೆಯ ಮೇಲೆ ಕಾಣುವುದು "ಬೇರಿಂಗ್ ತಪ್ಪು" ಎಂಬ ಒಂದೇ ರೋಗ. ಆದರೆ ಒಂದೊಂದು ಕೊಂಡಿಯೂ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಆ ಗುರುತು ಓದುವುದು ಹೇಗೆ ಎನ್ನುವುದೇ ಈ ಬರಹ.

ಮೊದಲು ಒಂದು ಸುತ್ತು ಬನ್ನಿ

ಕಟ್ಟಡ, ತಂತಿ, ಬೇಲಿ ಇಲ್ಲದ ಬಯಲು ಹುಡುಕಿ. ಅನುಮತಿ ಇರುವ ಫ್ರೀಕ್ವೆನ್ಸಿಯಲ್ಲಿ, ಕಡಿಮೆ ಪವರಿನ ಟ್ರಾನ್ಸ್‌ಮಿಟರ್ ಹಿಡಿದು ಆಂಟೆನಾ ಸುತ್ತ ಒಂದು ಸುತ್ತು ಹಾಕಿ. 15 ಡಿಗ್ರಿಗೆ ಒಮ್ಮೆ ನಿಂತರೆ 24 ಜಾಗ ಆಗುತ್ತದೆ. ಪ್ರತಿ ಜಾಗದಲ್ಲೂ ನಿಜವಾದ ಬೇರಿಂಗ್, ಪರದೆ ತೋರಿಸಿದ ಬೇರಿಂಗ್, ಕ್ವಾಲಿಟಿ ಅಂಕಿ (ಆ ಉತ್ತರವನ್ನು ಎಷ್ಟು ನಂಬಬಹುದು ಎಂದು ಯಂತ್ರವೇ ಕೊಡುವ ಅಂಕ), ಮೂರನ್ನೂ ಬರೆದುಕೊಳ್ಳಿ. ಇದನ್ನೇ ಬ್ಯಾಂಡಿನ ಕೆಳಗೆ, ನಡುವೆ, ಮೇಲೆ, ಹೀಗೆ ಮೂರು ಫ್ರೀಕ್ವೆನ್ಸಿಗಳಲ್ಲಿ ಮಾಡಿ. ಬೇಸರದ ಕೆಲಸ ನಿಜ. ಆದರೆ ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಅದು ಕಣಿ ಕೇಳಿದ ಹಾಗೆ.

ಒಂದು ಎಚ್ಚರಿಕೆ. ನಿಜವಾದ ಬೇರಿಂಗನ್ನು ಜಿಪಿಎಸ್ ಜಾಗಗಳಿಂದ ಲೆಕ್ಕ ಹಾಕುವಾಗ ಆಂಟೆನಾದ ನಡುಮಧ್ಯದ ಜಾಗವನ್ನೇ ಬಳಸಿ. ವಾಹನದ ಮುಂಭಾಗದಲ್ಲಿರುವ ಜಿಪಿಎಸ್ ಓದಿನ ಅಂಕಿ ಹಾಕಬೇಡಿ. 200 ಮೀಟರ್ ದೂರದಲ್ಲಿ 5 ಮೀಟರ್ ವ್ಯತ್ಯಾಸ ಅಂದರೆ 1.4 ಡಿಗ್ರಿ ತಪ್ಪು. ಆ ತಪ್ಪು ನಿಮ್ಮ ಪರೀಕ್ಷೆಯದು, ಯಂತ್ರದ್ದಲ್ಲ. ಗ್ರಾಫಿನಲ್ಲಿ ಅದು ಸುತ್ತಿಗೆ ಒಂದೇ ಒಂದು ಉಬ್ಬು, ಒಂದೇ ಒಂದು ತಗ್ಗಾಗಿ ಕಾಣುತ್ತದೆ. ದೂರ ಎರಡರಷ್ಟು ಮಾಡಿದಾಗ ತಪ್ಪು ಅರ್ಧಕ್ಕೆ ಇಳಿದರೆ ಅದೇ ಕಾರಣ ಎಂದು ಖಚಿತ.

ಈಗ ಗ್ರಾಫ್ ಬರೆಯಿರಿ. ಅಡ್ಡಕ್ಕೆ ನಿಜವಾದ ದಿಕ್ಕು, ಉದ್ದಕ್ಕೆ ತಪ್ಪು.

ಗೆರೆ ಏನು ಹೇಳುತ್ತಿದೆ?

ಎಲ್ಲ ದಿಕ್ಕಿನಲ್ಲೂ ಒಂದೇ ತಪ್ಪು, ಗೆರೆ ಸಪಾಟು. ಎಲ್ಲೆಡೆ ಏಳು ಡಿಗ್ರಿ ಜಾಸ್ತಿ ಅಂದುಕೊಳ್ಳಿ. ಆಂಟೆನಾ, ರಿಸೀವರ್ ಎರಡೂ ಸರಿ ಇವೆ. ಉತ್ತರ ದಿಕ್ಕನ್ನು ತಪ್ಪಾಗಿ ಕೂರಿಸಿದ್ದೀರಿ. ದಿಕ್ಸೂಚಿಯನ್ನು ಉಕ್ಕಿನ ವಾಹನದ ಮೇಲೆ ಇಟ್ಟು ಓದಿರಬಹುದು. ಕಾಂತೀಯ ಉತ್ತರವನ್ನು ನಿಜ ಉತ್ತರಕ್ಕೆ ಬದಲಾಯಿಸದೆ ಬಿಟ್ಟಿರಬಹುದು, ಅಥವಾ ಎರಡು ಕಡೆ ಬದಲಾಯಿಸಿರಬಹುದು. ಎರಡನೆಯದು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ನಡೆಯುತ್ತದೆ: ದಿಕ್ಸೂಚಿ ತನ್ನೊಳಗೇ ಒಮ್ಮೆ ಸರಿಪಡಿಸಿಕೊಳ್ಳುತ್ತದೆ, ಸಾಫ್ಟ್‌ವೇರ್ ಮತ್ತೊಮ್ಮೆ ಸರಿಪಡಿಸುತ್ತದೆ. ನಕ್ಷೆಯ ಚೌಕಗಳ ಉತ್ತರ ಇನ್ನೊಂದೇ ಬೇರೆ.

ಸಪಾಟು ಗೆರೆ, ಆದರೆ ತಪ್ಪು ಸರಿಯಾಗಿ 72 ಡಿಗ್ರಿ. ನಿಮ್ಮದು ಐದು ಆಂಟೆನಾಗಳ ವೃತ್ತ ಆಗಿದ್ದರೆ ನಗಬಹುದು. ಐದೂ ಕೇಬಲ್‌ಗಳು ಒಂದೊಂದು ಸ್ಥಾನ ಪಕ್ಕಕ್ಕೆ ಸರಿದು ಕೂತಿವೆ. 360 ಅನ್ನು ಐದರಿಂದ ಭಾಗಿಸಿದರೆ 72. ಒಂಬತ್ತು ಆಂಟೆನಾ ಇದ್ದರೆ ಇದೇ ತಪ್ಪು 40 ಡಿಗ್ರಿ. ಇಲ್ಲಿನ ಮೋಸ ಏನೆಂದರೆ ಕ್ವಾಲಿಟಿ ಅಂಕಿ ತುಂಬಾ ಚೆನ್ನಾಗಿರುತ್ತದೆ. ಯಂತ್ರದ ಕಣ್ಣಿಗೆ ಎಲ್ಲ ಸರಿಯಾಗಿಯೇ ಇದೆ, ಲೋಕ ಮಾತ್ರ ಸ್ವಲ್ಪ ತಿರುಗಿದೆ.

ಟ್ರಾನ್ಸ್‌ಮಿಟರ್ ಪ್ರದಕ್ಷಿಣೆ ಬರುತ್ತಿದೆ, ಬೇರಿಂಗ್ ಅಪ್ರದಕ್ಷಿಣೆ ಹೋಗುತ್ತಿದೆ. ಆಂಟೆನಾಗಳ ಸಂಖ್ಯೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗಾಗಿದೆ. ಡ್ರಾಯಿಂಗ್ ಬರೆದವರು ಮೇಲಿನಿಂದ ನೋಡಿ ಬರೆದಿರುತ್ತಾರೆ. ಕೇಬಲ್ ಕೂರಿಸುವವರು ಕೆಳಗೆ ಮಲಗಿ ಮೇಲಕ್ಕೆ ನೋಡುತ್ತಿರುತ್ತಾರೆ. ಇಬ್ಬರದೂ ತಪ್ಪಿಲ್ಲ, ಡ್ರಾಯಿಂಗಿನಲ್ಲಿ "ಮೇಲಿನಿಂದ ಕಂಡಂತೆ" ಎಂದು ಬರೆಯದಿದ್ದದ್ದು ತಪ್ಪು.

ಗೆರೆಗೆ ಎರಡು ಉಬ್ಬು, ಎರಡು ತಗ್ಗು. ಎರಡು ಚಾನೆಲ್‌ಗಳ ಬಲ ಹೋಲಿಸಿ ದಿಕ್ಕು ಹೇಳುವ ವಾಟ್ಸನ್-ವಾಟ್ ಪದ್ಧತಿಯ ಯಂತ್ರದಲ್ಲಿ ಇದು ಬಂದರೆ ಉತ್ತರ-ದಕ್ಷಿಣ ಚಾನೆಲ್ ಮತ್ತು ಪೂರ್ವ-ಪಶ್ಚಿಮ ಚಾನೆಲ್‌ಗಳ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಸಮ ಇಲ್ಲ. ಬರೀ 1 ಡಿಬಿ (ಡೆಸಿಬೆಲ್, ಸಿಗ್ನಲ್ ಬಲ ಹೋಲಿಸುವ ಅಳತೆ) ವ್ಯತ್ಯಾಸ ಇದ್ದರೂ ತಪ್ಪು ಸುಮಾರು 3.3 ಡಿಗ್ರಿವರೆಗೆ ಹೋಗುತ್ತದೆ. ನಾಲ್ಕು ಮುಖ್ಯ ದಿಕ್ಕುಗಳಲ್ಲಿ ತಪ್ಪು ಸೊನ್ನೆ, ಮೂಲೆ ದಿಕ್ಕುಗಳಲ್ಲಿ ಜಾಸ್ತಿ. ಹಾಗಾಗಿ ಉತ್ತರ ಮತ್ತು ಪೂರ್ವದಲ್ಲಿ ಮಾತ್ರ ಪರೀಕ್ಷೆ ಮಾಡಿ "ಪಾಸ್" ಎಂದು ಸಹಿ ಹಾಕಿದರೆ ಈ ದೋಷ ಜನ್ಮದಲ್ಲಿ ಸಿಗುವುದಿಲ್ಲ. ಗೇನ್ ಸಮ ಇದ್ದೂ ಎರಡು ಉಬ್ಬು ಬಂದರೆ ಆಂಟೆನಾ ಕೂತಿರುವ ವಾಹನ ಅಥವಾ ಹಡಗಿನ ಉದ್ದನೆಯ ಮೈಯನ್ನು ಅನುಮಾನಿಸಿ. ಅಂದಹಾಗೆ, ಈ ಪದ್ಧತಿ ಮೊದಲು ಹುಟ್ಟಿದ್ದು ಶತ್ರುವನ್ನು ಹುಡುಕಲು ಅಲ್ಲ. 1920ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ವಾಟ್ಸನ್-ವಾಟ್ ಗುಡುಗು ಸಿಡಿಲಿನ ಮೋಡಗಳು ಎಲ್ಲಿವೆ ಎಂದು ಹುಡುಕುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಅದೇ ಪದ್ಧತಿ ಜಲಾಂತರ್ಗಾಮಿಗಳನ್ನು ಹುಡುಕಲು ಬಂತು.

ನಾಲ್ಕು ಉಬ್ಬು, ಫ್ರೀಕ್ವೆನ್ಸಿ ಏರಿದಂತೆ ದೊಡ್ಡದಾಗುತ್ತದೆ. ಇದು ದೋಷವೇ ಅಲ್ಲ. ನಾಲ್ಕು ಕಂಬಗಳ ಆಡ್‌ಕಾಕ್ ಆಂಟೆನಾದಲ್ಲಿ ಕಂಬಗಳ ನಡುವಿನ ಅಂತರದಿಂದಲೇ ಬರುವ ಗುಣ. ಲೆಕ್ಕದಲ್ಲಿ ತಿದ್ದಬಹುದು, ಅಥವಾ ಎಂಟು ಕಂಬ ಹಾಕಬೇಕು. ರಿಪೇರಿ ಮಾಡಲು ಹೋಗಬೇಡಿ.

ಕೆಲವೊಮ್ಮೆ ಸರಿ, ಕೆಲವೊಮ್ಮೆ ನೇರ 180 ಡಿಗ್ರಿ ಹಿಂದೆ. ಮುಂದೆ ಯಾವುದು, ಹಿಂದೆ ಯಾವುದು ಎಂದು ಹೇಳುವ ಸೆನ್ಸ್ ಚಾನೆಲ್ ಸೊರಗಿದೆ. ಅದರ ಕೇಬಲ್, ಅದರ ಆಂಪ್ಲಿಫೈಯರ್ ನೋಡಿ. ಮುಗಿಯಿತು.

ಗೆರೆ ಅಂಕುಡೊಂಕು, ಯಾವ ಕ್ರಮವೂ ಇಲ್ಲ. ಇಲ್ಲಿ ನಿಜವಾದ ತಲೆನೋವು ಶುರು. ಮೊದಲ ಪರೀಕ್ಷೆ ಸುಲಭ: ಆಂಟೆನಾವನ್ನು ಎರಡು ಮೂರು ಮೀಟರ್ ಪಕ್ಕಕ್ಕೆ ಸರಿಸಿ ಮತ್ತೆ ಅಳೆಯಿರಿ. ಗೆರೆಯ ಆಕಾರ ಬದಲಾದರೆ ಸುತ್ತಲಿನ ಜಾಗದ ಪ್ರತಿಫಲನ. ಆಕಾರ ಹಾಗೇ ಉಳಿದರೆ ತಪ್ಪು ಆಂಟೆನಾದ ಜೊತೆಗೇ ಬರುತ್ತಿದೆ, ಅಂದರೆ ನಿಮ್ಮ ವ್ಯವಸ್ಥೆಯೊಳಗೇ ಇದೆ. ಸಣ್ಣದೊಂದು ಪಟ್ಟಿಯಲ್ಲಿ ಮಾತ್ರ, ಉದಾಹರಣೆಗೆ 70ರಿಂದ 80 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಹುಚ್ಚಾಟ ಇದ್ದರೆ, ವಾಹನದ ಮೇಲೆ ಯಾರೋ ಹೊಸದಾಗಿ ಕೂರಿಸಿದ ವಿಪ್ ಆಂಟೆನಾ ಹುಡುಕಿ. ಒಂದು ಮೀಟರ್ ಉದ್ದದ ಕೋಲು ಸುಮಾರು 75 ಮೆಗಾಹರ್ಟ್ಸ್‌ಗೆ ಕಾಲು ತರಂಗ. ಅದು ಸುಮ್ನೆ ನಿಂತಿದ್ದರೂ ಸಿಗ್ನಲ್ ಹೀರಿ ಮತ್ತೆ ಹೊರಗೆ ಬಿಡುತ್ತದೆ. ಕೋಲು ಬಿಚ್ಚಿಟ್ಟು ಮತ್ತೆ ಅಳೆದರೆ ಐದು ನಿಮಿಷದಲ್ಲಿ ತೀರ್ಮಾನ.

ಹಸಿರು ದೀಪವನ್ನು ನಂಬಬೇಡಿ

ನಾನು ಮೂರು ದಿನ ಕಳೆದುಕೊಂಡದ್ದು ಇಲ್ಲೇ. ಐದು ಆಂಟೆನಾಗಳ ವ್ಯವಸ್ಥೆ, ಕೋರಿಲೇಟಿವ್ ಇಂಟರ್‌ಫೆರೋಮೀಟರ್ ಪದ್ಧತಿ. ಅಂದರೆ ಪ್ರತಿ ಆಂಟೆನಾದಲ್ಲೂ ಅಳೆದ ಫೇಸ್‌ಗಳನ್ನು (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎನ್ನುವ ಅಳತೆ) ಮೊದಲೇ ಕೂಡಿಟ್ಟ ಪಟ್ಟಿಯೊಂದಿಗೆ ಹೋಲಿಸಿ, ಯಾವ ದಿಕ್ಕು ಚೆನ್ನಾಗಿ ಹೊಂದುತ್ತದೋ ಅದನ್ನೇ ಬೇರಿಂಗ್ ಎಂದು ಹೇಳುವುದು. ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಬೇರಿಂಗ್ ತಪ್ಪು, ಆದರೆ ಕ್ವಾಲಿಟಿ ಚೆನ್ನ. ಮೇಲಕ್ಕೆ ಹೋದಂತೆ ಕ್ವಾಲಿಟಿಯೂ ಕುಸಿಯುತ್ತಿತ್ತು. ಕ್ಯಾಲಿಬ್ರೇಷನ್ (ಯಂತ್ರ ತನ್ನನ್ನು ತಾನೇ ಪರೀಕ್ಷಿಸಿ ಸರಿಹೊಂದಿಸಿಕೊಳ್ಳುವುದು) ಒತ್ತಿದರೆ ಪ್ರತಿ ಸಲವೂ ಹಸಿರು ದೀಪ. ಹಾಗಾಗಿ ಹಾರ್ಡ್‌ವೇರ್ ಸರಿ ಇದೆ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟೆವು. ಪಾಪ, ಸಾಫ್ಟ್‌ವೇರ್ ಬರೆದ ಹುಡುಗ ಎರಡು ರಾತ್ರಿ ನಿದ್ದೆ ಬಿಟ್ಟ.

ಮೂರನೇ ದಿನ ಕೊನೆಗೂ ಬ್ಲಾಕ್ ಡಯಾಗ್ರಂ ತೆಗೆದು ನೋಡಿದೆ. ಕ್ಯಾಲಿಬ್ರೇಷನ್ ಸಿಗ್ನಲ್ ಒಳಗೆ ಬರುವುದು ಸ್ವಿಚ್ ಪೆಟ್ಟಿಗೆಯಲ್ಲಿ. ಅಲ್ಲಿಂದ ಕೆಳಗಿನ ಕೇಬಲ್, ರಿಸೀವರ್ ಎಲ್ಲ ಪರೀಕ್ಷೆಗೆ ಒಳಗಾಗುತ್ತವೆ. ಆದರೆ ಆಂಟೆನಾದಿಂದ ಸ್ವಿಚ್‌ವರೆಗಿನ ಒಂದು ಮೀಟರ್ ಕೇಬಲ್ ಆ ಲೆಕ್ಕದಲ್ಲೇ ಇಲ್ಲ. ಹಸಿರು ದೀಪ ಸುಳ್ಳು ಹೇಳಿರಲಿಲ್ಲ. ನಾವು ಅದಕ್ಕೆ ಕೇಳದ ಪ್ರಶ್ನೆಗೆ ಉತ್ತರ ಊಹಿಸಿಕೊಂಡಿದ್ದೆವು, ಅಷ್ಟೇ.

ಆಮೇಲೆ ಮಾಡಿದ ಪರೀಕ್ಷೆ ಇದು, ನೀವೂ ಮಾಡಬಹುದು. ಐದೂ ಕೇಬಲ್‌ಗಳನ್ನು ಆಂಟೆನಾ ತುದಿಯಲ್ಲಿ ಬಿಚ್ಚಿ. ಒಂದೇ ಸಿಗ್ನಲ್ ಜನರೇಟರ್‌ನಿಂದ ಸ್ಪ್ಲಿಟರ್ ಮೂಲಕ ಐದಕ್ಕೂ ಒಂದೇ ಸಿಗ್ನಲ್ ಕೊಡಿ. ರಿಸೀವರ್ ಐದು ಚಾನೆಲ್‌ಗಳಲ್ಲೂ ಒಂದೇ ಫೇಸ್ ತೋರಿಸಬೇಕು, ಅಲ್ವಾ? ನಮ್ಮಲ್ಲಿ ನಾಲ್ಕು ಒಂದು ಕಡೆ, ಮೂರನೇ ಚಾನೆಲ್ ಮಾತ್ರ ಬೇರೆ. 100 ಮೆಗಾಹರ್ಟ್ಸ್‌ನಲ್ಲಿ ಸುಮಾರು 40 ಡಿಗ್ರಿ ಮುಂದೆ, 200ರಲ್ಲಿ 80, 300ರಲ್ಲಿ 120. ಫ್ರೀಕ್ವೆನ್ಸಿಗೆ ತಕ್ಕಂತೆ ನೇರ ಗೆರೆಯಲ್ಲಿ ಏರುವ ಫೇಸ್ ಅಂದರೆ ಉದ್ದದ ವ್ಯತ್ಯಾಸ. ಎಲ್ಲ ಫ್ರೀಕ್ವೆನ್ಸಿಯಲ್ಲೂ ಸರಿಯಾಗಿ 180 ಎಂದು ಬಂದಿದ್ದರೆ ಎಲ್ಲೋ ಟ್ರಾನ್ಸ್‌ಫಾರ್ಮರ್ ತುದಿಗಳು ಅದಲುಬದಲಾಗಿವೆ ಎಂದರ್ಥ.

ಟೇಪ್ ಹಿಡಿದು ಅಳೆದರೆ ಐದು ಕೇಬಲ್ಲೂ ಸಮ. ಆದರೆ ಮೂರನೆಯದರ ಹೊದಿಕೆಯ ಮೇಲಿನ ಅಚ್ಚು ಬೇರೆ. ಹಳೆಯದು ಹಾಳಾದಾಗ ಯಾರೋ ಅಷ್ಟೇ ಉದ್ದದ ಬೇರೆ ಜಾತಿಯ ಕೇಬಲ್ ಹಾಕಿದ್ದರು. ಒಳಗೆ ಗಟ್ಟಿ ಪಾಲಿಥಿನ್ ಇರುವ ಕೇಬಲ್‌ನಲ್ಲಿ ಸಿಗ್ನಲ್ ಬೆಳಕಿನ ವೇಗದ 66 ಶೇಕಡಾದಲ್ಲಿ ಹೋಗುತ್ತದೆ. ನೊರೆ ತುಂಬಿದ ಕೇಬಲ್‌ನಲ್ಲಿ ಇನ್ನೂ ಜೋರು, 80 ಶೇಕಡಾಕ್ಕೂ ಮೇಲೆ. ಟೇಪಿಗೆ ಸಮ, ಸಿಗ್ನಲ್‌ಗೆ ಅಲ್ಲ. 300 ಮೆಗಾಹರ್ಟ್ಸ್‌ನಲ್ಲಿ ಗಟ್ಟಿ ಪಾಲಿಥಿನ್ ಕೇಬಲ್ ಒಂದು ಸೆಂಟಿಮೀಟರ್ ಜಾಸ್ತಿ ಆದರೇ 5.5 ಡಿಗ್ರಿ ಫೇಸ್ ಹೋಗುತ್ತದೆ. ಅರ್ಧ ತರಂಗ ದೂರದಲ್ಲಿರುವ ಎರಡು ಆಂಟೆನಾಗಳಿಗೆ ಸಿಗ್ನಲ್ ಎದುರಿನಿಂದ ಬಂದಾಗ, 10 ಡಿಗ್ರಿ ಫೇಸ್ ತಪ್ಪು ಬೇರಿಂಗಿನಲ್ಲಿ ಸುಮಾರು 3 ಡಿಗ್ರಿ ಆಗಿ ಹೊರಬರುತ್ತದೆ.

ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕ್ವಾಲಿಟಿ ಯಾಕೆ ಚೆನ್ನಾಗಿತ್ತು? ಅಲ್ಲಿ ತರಂಗದ ಮುಂದೆ ಆಂಟೆನಾ ವೃತ್ತ ತೀರಾ ಚಿಕ್ಕದು. ಪಟ್ಟಿಯಲ್ಲಿನ ಎಲ್ಲ ದಿಕ್ಕುಗಳೂ ಹೆಚ್ಚು ಕಡಿಮೆ ಒಂದೇ ತರ ಕಾಣುತ್ತವೆ, ಹಾಗಾಗಿ ಯಾವುದಕ್ಕೆ ಹೋಲಿಸಿದರೂ ಹೊಂದುತ್ತದೆ. ಅಲ್ಲಿ ಒಳ್ಳೆಯ ಕ್ವಾಲಿಟಿಗೆ ಬೆಲೆ ಇಲ್ಲ.

ದೋಷ ಕೇಬಲ್‌ನದೋ ಚಾನೆಲ್‌ನದೋ ಎಂದು ಅನುಮಾನ ಬಂದರೆ ರಿಸೀವರ್ ಬಾಯಿಯಲ್ಲಿ ಎರಡು ಕೇಬಲ್ ಅದಲುಬದಲು ಮಾಡಿ. ದೋಷ ಕೇಬಲ್ ಜೊತೆ ಹೋದರೆ ಹೊರಗೆ, ಚಾನೆಲ್‌ನಲ್ಲೇ ಉಳಿದರೆ ಒಳಗೆ. ಆಮೇಲೆ ಮರೆಯದೆ ವಾಪಸ್ ಹಾಕಿ!

ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು

ಹೊತ್ತಿನ ಜೊತೆ ಬದಲಾಗುವ ದೋಷಕ್ಕೆ ಮೊದಲ ಅನುಮಾನ ಬಿಸಿಲು. ಟೆಫ್ಲಾನ್ ಕೇಬಲ್‌ಗಳಲ್ಲಿ ಸುಮಾರು 19 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆ ವಸ್ತುವಿನ ಒಳರಚನೆಯೇ ಬದಲಾಗುತ್ತದೆ. ಅಲ್ಲಿ ಫೇಸ್ ಇದ್ದಕ್ಕಿದ್ದಂತೆ ಜಾರುತ್ತದೆ. ಎಲ್ಲ ಕೇಬಲ್ಲೂ ಒಟ್ಟಿಗೆ ಜಾರಿದರೆ ತೊಂದರೆ ಇಲ್ಲ, ವ್ಯತ್ಯಾಸ ಮಾತ್ರ ಲೆಕ್ಕಕ್ಕೆ ಬರುವುದು. ಎರಡು ಕೇಬಲ್ ಬಿಸಿಲಿನಲ್ಲಿ, ಮೂರು ನೆರಳಿನಲ್ಲಿ ಇದ್ದರೆ ಕಷ್ಟ. ಎಲ್ಲವನ್ನೂ ಒಂದೇ ಕೊಳವೆಯಲ್ಲಿ ಒಟ್ಟಿಗೆ ಎಳೆಯಿರಿ.

ಮಳೆ ಬಂದ ಮೇಲೆ ತಪ್ಪು ಶುರುವಾದರೆ ಕನೆಕ್ಟರ್‌ನಲ್ಲಿ ನೀರು. ಬಿಚ್ಚಿ ಒಣಗಿಸಿದರೆ ಎರಡು ದಿನ ಸರಿ ಇರುತ್ತದೆ, ಹೊದಿಕೆಯ ಒಳಗಿನ ಹೆಣಿಗೆ ಹಸಿರಾಗಿದ್ದರೆ ಕತ್ತರಿಸಿ ಹೊಸದು ಹಾಕಿ. ಶಾರ್ಟ್‌ವೇವ್‌ನಲ್ಲಿ ಸೂರ್ಯ ಮುಳುಗುತ್ತಿದ್ದಂತೆ ಬೇರಿಂಗ್ ತೂಗಾಡಲು ಶುರುವಾದರೆ, ನಿಮ್ಮದು ಲೂಪ್ ಆಂಟೆನಾ ಆಗಿದ್ದರೆ, ಅದು ದೋಷವಲ್ಲ. ಆಕಾಶದಿಂದ ಓರೆಯಾಗಿ ಇಳಿಯುವ ಅಲೆಯಲ್ಲಿ ಅಡ್ಡ ಧ್ರುವೀಕರಣದ (ಅಡ್ಡಲಾಗಿ ಅಲುಗುವ) ಭಾಗ ಇರುತ್ತದೆ, ಲೂಪಿನ ಮೇಲಿನ ತಂತಿ ಅದನ್ನು ಹಿಡಿದುಬಿಡುತ್ತದೆ. ಇಂಜಿನಿಯರ್ ಆಡ್‌ಕಾಕ್ 1919ರಲ್ಲೇ ಪೇಟೆಂಟ್ ಪಡೆದ ಲಂಬ ಕಂಬಗಳ ಆಂಟೆನಾ ಬಂದದ್ದು ಇದೇ ಕಾಯಿಲೆಗೆ ಮದ್ದಾಗಿ.

ಪ್ರತಿ ಸಲ ಟ್ಯೂನ್ ಮಾಡಿದಾಗ ಬೇರೆ ಉತ್ತರ ಬಂದರೆ? ಟ್ರಾನ್ಸ್‌ಮಿಟರ್ ಅಲುಗಾಡಿಸದೆ, ರಿಸೀವರನ್ನು ಬೇರೆ ಫ್ರೀಕ್ವೆನ್ಸಿಗೆ ಒಯ್ದು ವಾಪಸ್ ತನ್ನಿ. ಇಪ್ಪತ್ತು ಸಲ ಮಾಡಿ. ಒಂದೊಂದು ಸಲ ಒಂದೊಂದು ಉತ್ತರ, ಆದರೆ ಮುಂದಿನ ಟ್ಯೂನ್‌ವರೆಗೆ ಅದು ಕದಲುವುದಿಲ್ಲ ಎಂದಾದರೆ, ಪ್ರತಿ ಚಾನೆಲ್‌ಗೂ ಪ್ರತ್ಯೇಕ ಲೋಕಲ್ ಆಸಿಲೇಟರ್ (ಟ್ಯೂನ್ ಮಾಡಲು ಸಿಗ್ನಲ್ ಜೊತೆ ಬೆರೆಸುವ ಅಲೆಯನ್ನು ಹುಟ್ಟಿಸುವ ಭಾಗ) ಇದೆ. 10 ಮೆಗಾಹರ್ಟ್ಸ್ ರೆಫರೆನ್ಸ್ ಒಂದೇ ಇದ್ದರೂ ಫೇಸ್ ಪ್ರತಿ ಸಲ ಹೊಸ ಜಾಗದಲ್ಲಿ ಕೂರುತ್ತದೆ. ಎಲ್ಲಕ್ಕೂ ಒಂದೇ ಆಸಿಲೇಟರ್ ಕೊಡಿ, ಇಲ್ಲವೇ ಪ್ರತಿ ಟ್ಯೂನ್ ಆದಮೇಲೆ ಕ್ಯಾಲಿಬ್ರೇಷನ್ ಮಾಡಿಸಿ.

ಇಲ್ಲದ ಸಿಗ್ನಲ್, ಕೇಳದ ಸಿಗ್ನಲ್

ಪರದೆಯ ಮೇಲೆ ಸಿಗ್ನಲ್ ಇದೆ, ಯಾರೂ ಕಳಿಸುತ್ತಿಲ್ಲ. ಹತ್ತಿರದ ಎರಡು ಜೋರು ಸಿಗ್ನಲ್‌ಗಳು ರಿಸೀವರ್ ಒಳಗೆ ಬೆರೆತು ಮೂರನೆಯದನ್ನು ಹೆತ್ತಿರಬಹುದು. 100 ಮತ್ತು 95 ಮೆಗಾಹರ್ಟ್ಸ್ ಇದ್ದರೆ 105ರಲ್ಲಿ ಮತ್ತು 90ರಲ್ಲಿ ಭೂತಗಳು ಹುಟ್ಟುತ್ತವೆ. ಮೊದಲ ಆಂಪ್ಲಿಫೈಯರ್‌ಗಿಂತ ಮುಂಚೆ 10 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ಕುಗ್ಗಿಸುವ ಸಾಧನ) ಹಾಕಿ. ನಿಜವಾದ ಸಿಗ್ನಲ್ 10 ಡಿಬಿ ಇಳಿಯುತ್ತದೆ, ಭೂತ 30 ಡಿಬಿ ಇಳಿಯುತ್ತದೆ. ಭೂತಕ್ಕೂ ಯಂತ್ರ ಒಂದು ಬೇರಿಂಗ್ ಕೊಡುತ್ತದೆ ಎನ್ನುವುದು ನೆನಪಿರಲಿ. ಎರಡು ಮೂಲಗಳು ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಅದು ಅರ್ಥವಿಲ್ಲದ ದಿಕ್ಕು, ಕ್ವಾಲಿಟಿಯೂ ಕೆಟ್ಟದಾಗಿರುತ್ತದೆ. ಎರಡೂ ಒಂದೇ ಗೋಪುರದ ಮೇಲಿದ್ದರೆ ಭೂತವೂ ಅದೇ ಗೋಪುರದ ಕಡೆ ಬೆರಳು ತೋರಿಸುತ್ತದೆ, ಕ್ವಾಲಿಟಿಯೂ ಚೆನ್ನಾಗಿರುತ್ತದೆ. ಆಗ ಅಟೆನ್ಯುಯೇಟರ್ ಒಂದೇ ಗತಿ.

ಇನ್ನು ಕಿವುಡುತನ. ಕೊಠಡಿ ತಾಪಮಾನದಲ್ಲಿ ಉಷ್ಣದ ಸದ್ದು ಪ್ರತಿ ಹರ್ಟ್ಸ್‌ಗೆ -174 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡಿಬಿ). 25 ಕಿಲೋಹರ್ಟ್ಸ್ ಅಗಲಕ್ಕೆ 44 ಸೇರಿಸಿ, ರಿಸೀವರ್‌ನ ನಾಯ್ಸ್ ಫಿಗರ್ (ರಿಸೀವರ್ ತಾನೇ ಸೇರಿಸುವ ಸದ್ದಿನ ಅಳತೆ) 10 ಸೇರಿಸಿ, -120 ಡಿಬಿಎಂ ಬರುತ್ತದೆ. ಆಂಟೆನಾ ಬದಲು 50 ಓಮ್ ಲೋಡ್ ಹಾಕಿದಾಗ ಇದರ ಹತ್ತಿರ ಬರದಿದ್ದರೆ ರಿಸೀವರ್‌ನದೇ ತೊಂದರೆ. ಲೋಡಿನಲ್ಲಿ ಸರಿ ಇದ್ದು, ಆಂಟೆನಾ ಹಾಕಿದ ಕೂಡಲೇ ಸದ್ದು ವಿಪರೀತ ಏರಿದರೆ ನಿಮ್ಮದೇ ಸಾಮಾನುಗಳನ್ನು ಒಂದೊಂದಾಗಿ ಆರಿಸಿ. ಲ್ಯಾಪ್‌ಟಾಪ್ ಚಾರ್ಜರ್, ಎಲ್‌ಇಡಿ ದೀಪ, ವಾಹನದ ಡಿಸಿ ಕನ್ವರ್ಟರ್, ಈ ಮೂರೇ ಹಳೇ ಕಳ್ಳರು. ಶಾರ್ಟ್‌ವೇವ್‌ನಲ್ಲಿ ಆಂಟೆನಾ ಹಾಕಿದರೂ ಸದ್ದು ಏರದಿದ್ದರೆ ಖುಷಿಪಡಬೇಡಿ. ಅಲ್ಲಿ ಹೊರಗಿನ ಸದ್ದು ಜಾಸ್ತಿ ಇರಲೇಬೇಕು. ಕೇಬಲ್ ತುಂಡಾಗಿದೆ ಅಥವಾ ಆಂಪ್ಲಿಫೈಯರ್ ಸತ್ತಿದೆ.

ಸಮಯದ ಲೆಕ್ಕದಲ್ಲಿ ಜಾಗ ಹುಡುಕುವಾಗ

ಸಿಗ್ನಲ್ ಬೇರೆ ಬೇರೆ ಸ್ಟೇಷನ್ ಮುಟ್ಟುವ ಸಮಯದ ವ್ಯತ್ಯಾಸದಿಂದ ಜಾಗ ಹುಡುಕುವ ವ್ಯವಸ್ಥೆಯಲ್ಲಿ ಒಂದು ಮೈಕ್ರೋಸೆಕೆಂಡ್ ಅಂದರೆ 300 ಮೀಟರ್. ಇಲ್ಲಿ ಗೊತ್ತಿರುವ ಜಾಗದ ಪ್ರಸಾರ ಗೋಪುರವೊಂದನ್ನು ಹಿಡಿಯಿರಿ. ಬರಬೇಕಾದ ವ್ಯತ್ಯಾಸ ಲೆಕ್ಕ ಹಾಕಿ, ಬಂದದ್ದರ ಜೊತೆ ಹೋಲಿಸಿ.

ಸ್ಥಿರವಾಗಿ ಒಂದೇ ತಪ್ಪು ಇದ್ದರೆ ಕೇಬಲ್ ವಿಳಂಬ ಸೇರಿಸಿಲ್ಲ. ಜಿಪಿಎಸ್ ಆಂಟೆನಾದ 30 ಮೀಟರ್ ಕೇಬಲ್ ಸುಮಾರು 150 ನ್ಯಾನೋಸೆಕೆಂಡ್ ತಿನ್ನುತ್ತದೆ, ಅಂದರೆ 45 ಮೀಟರ್. ನಿಧಾನವಾಗಿ ಜಾರುತ್ತಿದ್ದರೆ ಆ ಸ್ಟೇಷನ್‌ಗೆ ಜಿಪಿಎಸ್ ತಪ್ಪಿದೆ. ನೂರು ಕೋಟಿಗೆ ಒಂದು ಪಾಲಿನಷ್ಟು ಮಾತ್ರ ತಪ್ಪುವ ಗಡಿಯಾರವೂ ಗಂಟೆಗೆ 3.6 ಮೈಕ್ರೋಸೆಕೆಂಡ್ ಜಾರುತ್ತದೆ, ಒಂದು ಕಿಲೋಮೀಟರ್‌ಗೂ ಜಾಸ್ತಿ. ಮೆಟ್ಟಿಲು ಹಾರಿದ ಹಾಗೆ ತಪ್ಪು ಬದಲಾದರೆ ಸ್ಯಾಂಪಲ್‌ಗಳು (ಸಿಗ್ನಲ್‌ನ ಒಂದೊಂದು ಕ್ಷಣದ ಅಳತೆ) ಕಳೆದುಹೋಗುತ್ತಿವೆ. ಸೆಕೆಂಡಿಗೆ ಹತ್ತು ಲಕ್ಷ ಸ್ಯಾಂಪಲ್ ತೆಗೆಯುತ್ತಿದ್ದರೆ ಒಂದು ಮೆಟ್ಟಿಲು 300 ಮೀಟರ್. ಎರಡು ಸ್ಟೇಷನ್‌ಗಳ ರೆಕಾರ್ಡಿಂಗ್ ಒಂದಕ್ಕೊಂದು ಹೊಂದುವುದೇ ಇಲ್ಲ ಎಂದಾದರೆ ಒಂದು ಜಿಪಿಎಸ್ ಸಮಯ, ಇನ್ನೊಂದು ಯುಟಿಸಿ (ಜಗತ್ತಿನ ಅಧಿಕೃತ ಸಮಯ) ಬರೆಯುತ್ತಿದೆಯೇ ನೋಡಿ. 2017ರಿಂದ ಇವೆರಡರ ನಡುವೆ 18 ಸೆಕೆಂಡ್ ಅಂತರ ಇದೆ. 25 ಕಿಲೋಹರ್ಟ್ಸ್‌ನ ಕಿರಿದಾದ ಸಿಗ್ನಲ್‌ಗೆ ಮಾತ್ರ ಉತ್ತರ ಮಸುಕಾಗಿ ಬಂದರೆ ಏನನ್ನೂ ಮುಟ್ಟಬೇಡಿ. ಅಲ್ಲಿ ಹೋಲಿಕೆಯ ಶಿಖರವೇ ಸುಮಾರು 40 ಮೈಕ್ರೋಸೆಕೆಂಡ್ ಅಗಲ, 12 ಕಿಲೋಮೀಟರ್.

ನಕ್ಷೆಯ ಮೇಲಿನ ತ್ರಿಕೋನ

ಕೊನೆಯ ದೂರು ಯಾವಾಗಲೂ ನಕ್ಷೆ ಮುಂದೆ ಕೂತವರಿಂದ ಬರುತ್ತದೆ. ಮೂರು ಸ್ಟೇಷನ್‌ಗಳ ಬೇರಿಂಗ್ ಗೆರೆಗಳು ಒಂದು ಬಿಂದುವಿನಲ್ಲಿ ಸೇರುತ್ತಿಲ್ಲ, ತ್ರಿಕೋನ ಆಗುತ್ತಿದೆ, ಟ್ರಾನ್ಸ್‌ಮಿಟರ್ ಅದರ ಹೊರಗೆ ಸಿಕ್ಕಿತು, ಯಂತ್ರ ಕೆಟ್ಟಿದೆ! ಕೆಟ್ಟಿರಬೇಕಿಲ್ಲ. ಮೂರೂ ಸ್ಟೇಷನ್‌ಗಳು ಎಡಕ್ಕೂ ಬಲಕ್ಕೂ ಸಮನಾಗಿ ತಪ್ಪುತ್ತಿದ್ದರೆ, ನಿಜವಾದ ಜಾಗ ಆ ತ್ರಿಕೋನದ ಒಳಗೆ ಬೀಳುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಮೂರು ಸಲ ಹೊರಗೇ. ಇದು ಗಣಿತ, ಇದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿದೆ.

ನೋಡಬೇಕಾದ್ದು ಬೇರೆ. ಹತ್ತಾರು ಪರೀಕ್ಷೆಗಳಲ್ಲೂ ಒಂದು ಸ್ಟೇಷನ್‌ನ ಗೆರೆ ಯಾವಾಗಲೂ ನಿಜವಾದ ಜಾಗದ ಒಂದೇ ಬದಿಗೆ ಹೋಗುತ್ತಿದ್ದರೆ ಆ ಸ್ಟೇಷನ್‌ನಲ್ಲಿ ಕೂರಿಸಿದ ಉತ್ತರ ದಿಕ್ಕು ಸರಿ ಇಲ್ಲ. ಮೇಲೆ ಹೇಳಿದ ಸಪಾಟು ಗೆರೆಯ ದೋಷಕ್ಕೆ ವಾಪಸ್ ಹೋಗಿ. ಗೆರೆಗಳು ಎರಡೂ ಬದಿಗೆ ಹರಡಿದ್ದು, ತ್ರಿಕೋನ ಮಾತ್ರ ಸೂಜಿಯ ಹಾಗೆ ಉದ್ದ ಆಗುತ್ತಿದ್ದರೆ ಸ್ಟೇಷನ್‌ಗಳು ನಿಂತ ಜಾಗ ನೋಡಿ. 10 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ತಪ್ಪು ಅಂದರೆ 175 ಮೀಟರ್. ಎರಡು ಗೆರೆಗಳು ಬರೀ 10 ಡಿಗ್ರಿ ಕೋನದಲ್ಲಿ ದಾಟಿದರೆ ಅದೇ ತಪ್ಪು ಉದ್ದಕ್ಕೆ ಒಂದು ಕಿಲೋಮೀಟರ್ ಆಗಿ ಚಾಚಿಕೊಳ್ಳುತ್ತದೆ. ಅದಕ್ಕೆ ಯಾವ ಪೆಟ್ಟಿಗೆಯನ್ನೂ ಬಿಚ್ಚಬೇಕಿಲ್ಲ. ಒಂದು ವಾಹನವನ್ನು ಪಕ್ಕಕ್ಕೆ ಓಡಿಸಿ, ಗೆರೆಗಳು ಅಗಲವಾಗಿ ದಾಟುವ ಕಡೆ ನಿಲ್ಲಿಸಿ, ಮತ್ತೆ ಅಳೆಯಿರಿ.